ಮಗನ ಕೈಗೆ ಮುದ್ದೆ ಕೋಲು

ಮಗನಿಗೆ ಹನ್ನೊಂದು ತುಂಬಿದ ಮೇಲೆ ಅವನ ಕೈಗೆ ಮುದ್ದೆ ಕೋಲು ಕೊಟ್ಟೆ. ಕೆರಗೋಡಿನ ನಮ್ಮ ಬೀದಿಗೆ ಅದೇ ದೊಡ್ಡ ಸುದ್ದಿಯಾಯಿತು. ಆಗಲಿ, ನನಗೇನು? ಹಿಂದಿನ ವರ್ಷ ನಾನು ಆಪರೇಷನ್ ಮಾಡಿಸಿಕೊಂಡು ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದ್ದೆ, ಅತ್ತೆ ನನ್ನ ಜೊತೆಗಿದ್ದರು. ಮನೆಯಲ್ಲಿ ಅಪ್ಪ, ಮಗ ಬೇಕರಿ ಬನ್ನು ತಿಂದುಕೊಂಡು ದಿನ ತಳ್ಳಿದರು. ಡಬ್ಬದ ತುಂಬ ರಾಗಿಹಿಟ್ಟು ಇಟ್ಟುಕೊಂಡು ಹಸಿದು ಕೂರುವ ಇನ್ನೊಬ್ಬ ಗಂಡಸನ್ನು ಬೆಳೆಸುವುದಿಲ್ಲ ಅಂತ ಆಸ್ಪತ್ರೆ ಮಂಚದ ಮೇಲೇ ತೀರ್ಮಾನ ಮಾಡಿದ್ದೆ.

ಅವನೊಬ್ಬನನ್ನೇ ಬಸ್ಸು ಹತ್ತಿಸಿ ಮಂಡ್ಯಕ್ಕೆ ತರಕಾರಿಗೆ ಕಳಿಸಿದಾಗ ಯಾರೂ ಬೇಡವೆನ್ನಲಿಲ್ಲ, ಹುಡುಗ ಚುರುಕಾಗಿದ್ದಾನೆ ಎಂದು ಹೊಗಳಿದರು. ಒಲೆ ಮುಂದೆ ಕೂರಿಸಿದ್ದೇ ತಡ, ನನ್ನ ತಲೆ ಕೆಟ್ಟಿದೆ ಎಂದರು. ಅತ್ತೆಯಂತೂ ನನ್ನ ಜೊತೆ ಮಾತು ಬಿಟ್ಟರು. ಅವನು ಮಾತ್ರ ಕವೆಗೋಲನ್ನು ಕಾಲಲ್ಲಿ ಒತ್ತಿ, ಪಾತ್ರೆ ಅಲುಗದ ಹಾಗೆ ಹಿಡಿದು, ಬೆವರು ಸುರಿಸಿಕೊಂಡು ಹಿಟ್ಟು ತಿರುವುವುದನ್ನು ಕಲಿಯುತ್ತಿದ್ದ.

ಹಿರಿಯರಿಗೆ ಎಡೆ ಇಡುವ ಮಾರ್ಲಾಮಿ ಬಂತು. ನೆಂಟರೆಲ್ಲ ಬಾಡೂಟಕ್ಕೆ ಬರುವವರು. ಇವತ್ತೊಂದು ದಿನ ಹುಡುಗನನ್ನು ಅಡುಗೆಮನೆಯಿಂದ ಆಚೆ ಇಡು ಎಂದು ಅತ್ತೆ ಬಾಯಿ ಬಿಟ್ಟು ಕೇಳಿಕೊಂಡರು. ನಾನು ಒಪ್ಪಲಿಲ್ಲ. ನೆಂಟರ ಮುಂದೆ ಮುಚ್ಚಿಟ್ಟರೆ ಇದು ನಾಚಿಕೆಯ ಕೆಲಸ ಅಂತ ಅವನಿಗೆ ನಾನೇ ಕಲಿಸಿದ ಹಾಗೆ. ಆಮೇಲೆ ಅವನು ಜನ್ಮದಲ್ಲಿ ಕೋಲು ಮುಟ್ಟುವುದಿಲ್ಲ.

ಗಂಡಸರು ಸಾಲಾಗಿ ಕೂತರು. ಮಗನೇ ಮುದ್ದೆ ಕಟ್ಟಿ ತಂದು ಎಲೆಗೆ ಬಡಿಸಿದ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಆತಗೂರಿನಿಂದ ಬಂದಿದ್ದ ನನ್ನ ನಾದಿನಿಯ ಗಂಡ ಎರಡನೇ ತುತ್ತಿಗೇ ಕೆಮ್ಮಿದರು. ಬೇಯದ ಹಿಟ್ಟಿನ ಗಂಟೊಂದನ್ನು ಬಾಯಿಂದ ತೆಗೆದು ಎಲ್ಲರಿಗೂ ತೋರಿಸಿದರು.

“ಗಂಡುಡ್ಗನ್ನ ಎಣ್ಣ್ ಮಾಡಾಕೋಗಿ ನಮ್ ಗಂಟ್ಲಿಗ್ ತಂದಲ್ಲಮ್ಮ.”

ಸಾಲಿಗೆ ಸಾಲೇ ನಕ್ಕಿತು. ನನ್ನ ಗಂಡನೂ ತಲೆ ತಗ್ಗಿಸಿಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಮಗ ಮಾತಾಡಿದ. ಕಿವಿ ಕೆಂಪಾಗಿತ್ತು, ದನಿ ನಡುಗಲಿಲ್ಲ.

“ಊಂ ಮಾವ, ಗಂಟು ಉಳ್ಕಂಡದೆ. ಎಂಗ್ ಒಡೀಬೇಕು ಅಂತ ಒಸಿ ತೋರ್ಸ್ಕೊಡಿ, ಬ್ಯಾರೆ ಮಾಡ್ಕಬತ್ತೀನಿ.”

ಅದರಲ್ಲಿ ಕೊಂಕಿರಲಿಲ್ಲ. ತಪ್ಪಾದರೆ ಒಪ್ಪಿಕೋ, ಗೊತ್ತಿದ್ದವರನ್ನು ಕೇಳು ಎಂದು ನಾನೇ ಹೇಳಿಕೊಟ್ಟಿದ್ದೆ. ತಪ್ಪು ಹಿಡಿದವರಿಗೆ ಕೆಲಸವೂ ಗೊತ್ತಿರುತ್ತದೆ ಎಂದು ಪಾಪ ಅವನು ನಂಬಿದ್ದ. ಅವನ ಮಾವ ನನ್ನ ಗಂಡನ ಕಡೆ ನೋಡಿದರು. ನನ್ನ ಗಂಡ ಎಲೆ ನೋಡಿದರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡರು.

“ಅವರ್ನ್ ಯಾಕ್ಲಾ ಕೇಳ್ತೀಯ, ಅವರ್ಗೇನ್ ಗೊತ್ತು? ನಡಿ, ನಾ ತೋರುಸ್ತೀನಿ.”

ಅಜ್ಜಿ, ಮೊಮ್ಮಗ ಒಳಗೆ ಹೋದರು. ಹಿಟ್ಟು ತಿರುವುವ ಸದ್ದು ಹೊರಗೆ ಕೇಳತೊಡಗಿತು. ಅಷ್ಟರಲ್ಲಿ ಬೇರೆ ಏನಾದರೂ ಬಡಿಸು ಎಂದು ನನ್ನ ಗಂಡ ಕಣ್ಸನ್ನೆ ಮಾಡಿದರು. ಮಗನ ಮುದ್ದೆ ಬರುವವರೆಗೂ ನಾನು ಸೌಟು ಮುಟ್ಟಲಿಲ್ಲ.