ಎಲ್ಲ ‘ಶ್ರೀ’ಗಳೂ ಒಂದಾದ ದಿನ

ಆಗ ನಾನು ಬನ್ನಿಮಂಟಪದ ಒಂದು ಊದುಬತ್ತಿ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಹಳೆಯ ಡೇಟಾಬೇಸಿನಲ್ಲಿದ್ದ ಅಂಗಡಿಗಳ ವಿವರವನ್ನೆಲ್ಲ ಹೊಸದಕ್ಕೆ ಸಾಗಿಸಲು ಹೊರಗಿನಿಂದ ಒಬ್ಬ ತಜ್ಞರು ಬಂದಿದ್ದರು. ಎರಡೆರಡು ಸಲ ದಾಖಲಾದ ಅಂಗಡಿಗಳನ್ನು ಒಂದುಗೂಡಿಸಲು ಅವರೊಂದು ಪ್ರೋಗ್ರಾಂ ಬರೆದರು. ಅದು ಹೆಸರಿನ ಮೊದಲ ಪದವನ್ನಷ್ಟೇ ನೋಡುತ್ತಿತ್ತು. ಮೈಸೂರಿನಲ್ಲಿ ‘ಶ್ರೀ’ ಇಲ್ಲದ ಅಂಗಡಿ ಎಷ್ಟಿದ್ದಾವು? ‘ಶ್ರೀ’ ಇದ್ದವೆಲ್ಲ ಸೇರಿ ಒಂದೇ ಅಂಗಡಿಯಾದವು. ಅವಕ್ಕೆಲ್ಲ ಉಳಿದ ಒಂದೇ ವಿಳಾಸ ಚಾಮರಾಜಪುರಂನ ಒಂದು ಪುಟ್ಟ ಅಂಗಡಿಯದು.

ಹೊಸ ವ್ಯವಸ್ಥೆ ಶುರುವಾದ ಮರುದಿನವೇ ಆ ಅಂಗಡಿ ನಡೆಸುತ್ತಿದ್ದ ಅಜ್ಜಿ ಫೋನ್ ಮಾಡಿದರು.

“ಏನಪ್ಪಾ, ಲಾರಿ ತುಂಬ ಕಳಿಸ್ಬುಟ್ಟಿದ್ದೀರಿ. ಊರಿನ ದೇವ್ರಿಗೆಲ್ಲ ನಾನೊಬ್ಳೇ ಊದ್‌ಬತ್ತಿ ಹಚ್ಬೇಕಾ?”

ನಾನೂ ತಜ್ಞರೂ ಸ್ಕೂಟರಿನಲ್ಲಿ ಓಡಿದೆವು. ಪೆಟ್ಟಿಗೆಗಳು ಅಂಗಡಿ ತುಂಬಿ ಪಕ್ಕದ ಮನೆಯ ಜಗಲಿಗೆ ಏರಿದ್ದವು. ಅಜ್ಜಿ ಒಂದು ಪೆಟ್ಟಿಗೆಯ ಮೇಲೆ ಕೂತು ಬೇಳೆ ತೂಗುತ್ತಿದ್ದರು.

ತಜ್ಞರು ಬೆವರು ಒರೆಸಿಕೊಂಡು ವಿವರಿಸಿದರು: “ಅಮ್ಮಾ, ಕಂಪ್ಯೂಟರು ನಿಮ್ಮೆಲ್ಲರನ್ನೂ ಒಂದೇ ಅಂದ್ಕೊಂಡಿದೆ.”

“ನಮ್ಮ ಮಠದ ಸ್ವಾಮಿಗಳೂ ಅದನ್ನೇ ಹೇಳ್ತಾರೆ ಕಣಪ್ಪ. ಆದ್ರೆ ಅವ್ರು ಲಾರಿ ಕಳ್ಸಲ್ಲ,” ಎಂದರು ಅಜ್ಜಿ.

ವಾಪಸು ತುಂಬಲು ಲಾರಿ ಇರಲಿಲ್ಲ. ಹಳೆಯ ಪಟ್ಟಿ ತರಿಸಿಕೊಂಡು, ಉಳಿದ ‘ಶ್ರೀ’ಗಳಿಗೆಲ್ಲ ಅಜ್ಜಿಯ ಫೋನಿನಿಂದಲೇ ಹೇಳಿಕಳಿಸಿದೆವು. ಅವರು ಬಂದು, ಮಜ್ಜಿಗೆ ಕುಡಿದು, ಹರಟೆ ಹೊಡೆದು, ತಮ್ಮ ಪೆಟ್ಟಿಗೆ ಒಯ್ದರು. ತಜ್ಞರು ಜಗಲಿಯ ಮೇಲೆ ನಿಂತು ಒಂದೊಂದು ಅಂಗಡಿಯ ಪೂರ್ತಿ ಹೆಸರನ್ನೂ ಗಟ್ಟಿಯಾಗಿ ಕೂಗುತ್ತಿದ್ದರು. ಸಂಜೆಗೆಲ್ಲ ಮಾಲು ಖಾಲಿ. ಅಂಗಡಿ ಅಂಗಡಿಗೆ ಮಾಲು ಹಾಕುವ ನಮ್ಮ ವ್ಯಾನು ಎಂದೂ ಅಷ್ಟು ಬೇಗ ಹಂಚಿದ್ದಿಲ್ಲ.