ನೀರುನಾಯಿ ಆಟ ಸಾರಿದವರು

ಡಾಲ್ಫಿನ್‌ಗಳನ್ನು ತೊಟ್ಟಿಯಲ್ಲಿಟ್ಟು ಆಡಿಸಬಾರದೆಂದು ನನ್ನ ಮೊಮ್ಮಗಳು ಮನೆಮನೆಗೆ ಹೋಗಿ ಸಹಿ ಕೇಳುತ್ತಿದ್ದಾಳೆ. ಖುಷಿ ತಡೆಯಲಾಗದೆ ನಾನು ಎರಡು ಸಲ ಸಹಿ ಹಾಕಿದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಮ್ಮ ವಿರಾಜಪೇಟೆಯಲ್ಲಿ ಡಂಗುರ ಸಾರುವವರೊಬ್ಬರಿದ್ದರು. ತಮಟೆಗೆ ಮೂರು ಏಟು ಹಾಕಿ, ಕಣ್ಣು ಮುಚ್ಚಿ, “ಇದ್ದದ್ದು ಹೇಳ್ತೇನೆ” ಎಂದೇ ಶುರು ಮಾಡುತ್ತಿದ್ದರು. ಒಮ್ಮೆ ಪೇಟೆಯಲ್ಲಿ ಡೇರೆ ಹಾಕಿದವನೊಬ್ಬ ತನ್ನ ನೀರುನಾಯಿಯ ಆಟ ಸಾರಲು ಅವರನ್ನು ಕರೆದ. ಅವರು ತಗಡಿನ ತೊಟ್ಟಿಯೊಳಗೆ ಬಗ್ಗಿ ನೋಡಿ, ಒಂದೆರಡು ಮಾತು ಕೇಳಿ, ಬೀದಿಗೆ ಹೊರಟರು.

“ಇದ್ದದ್ದು ಹೇಳ್ತೇನೆ. ಸಂಜೆ ನೀರುನಾಯಿ ಆಟ ಉಂಟು. ನಿನ್ನೆಯಿಂದ ಅದಕ್ಕೆ ಮೀನು ಹಾಕ್ಲಿಲ್ಲ, ಹೊಟ್ಟೆ ತುಂಬಿದ್ರೆ ಅದು ಆಡುದಿಲ್ಲ. ತೊಟ್ಟಿಯಲ್ಲಿ ತಿರುಗ್ಲಿಕ್ಕೆ ಜಾಗ ಇಲ್ಲ. ಎಲ್ಲರೂ ಬನ್ನಿ.”

ಎರಡು ಸಂಜೆ ಡೇರೆಗೆ ಯಾರೂ ಹೋಗಲಿಲ್ಲ.

“ನನ್ನ ಹೊಟ್ಟೆಗೆ ಹೊಡೆದ್ರಲ್ಲ ಮಾರಾಯ್ರೆ” ಎಂದ ಡೇರೆಯವನು.

“ಎಲ್ಲರೂ ಬನ್ನಿ ಅಂತಲೂ ಹೇಳಿದ್ದೇನೆ” ಎಂದರು ಇವರು.

“ಹಾಗಾದ್ರೆ ನೀವೇ ಸಾಕಿ” ಎಂದು ಅವನು ನೀರುನಾಯಿಯನ್ನು ಅವರಿಗೇ ಬಿಟ್ಟು ಬಸ್ಸು ಹತ್ತಿದ. ಇವರು ಅದನ್ನು ಹೊಳೆಗೆ ಬಿಟ್ಟು ಬಂದು, ಯಾರೂ ಕರೆಯದೆಯೇ ತಮಟೆ ಎತ್ತಿಕೊಂಡರು.

“ನೀರುನಾಯಿ ಈಗ ಹೊಳೆಯಲ್ಲಿ ಉಂಟು. ಯಾರೂ ನೋಡ್ಲಿಕ್ಕೆ ಹೋಗ್ಬೇಡಿ.”

ನಾವೆಲ್ಲ ಹೋದೆವು. ಕತ್ತಲಾಗುವವರೆಗೆ ಕಾದರೂ ಏನೂ ಕಾಣಲಿಲ್ಲ. ಅಷ್ಟು ಸಂತೋಷ ಕೊಟ್ಟ ಇನ್ನೊಂದು ಆಟವನ್ನು ನಾನು ನೋಡಿಲ್ಲ.