ಸುಬ್ಬಲಕ್ಷ್ಮಮ್ಮನ ಮನೆಯ ಟಿವಿ

ಬಜೆಟ್ಟು ಬಂದ ದಿನ ನಮ್ಮ ಬಸ್ಸಿಗೆ ನಾನೇ ಹಣಕಾಸು ಮಂತ್ರಿ. ತುಮಕೂರು–ಕುಣಿಗಲ್ ಮಧ್ಯೆ ಓಡುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತು ವರ್ಷ ಕಂಡಕ್ಟರ್ ಆಗಿದ್ದವನು ನಾನು, ಹೆಸರು ಹನುಮಂತರಾಜು. ಯಾವುದು ಏರಿತು, ಯಾವುದು ಇಳಿಯಿತು ಎಂದು ಗೂಳೂರು ದಾಟುವಷ್ಟರಲ್ಲಿ ಇಡೀ ಬಸ್ಸಿಗೆ ಪಾಠ ಮಾಡಿ ಮುಗಿಸುತ್ತಿದ್ದೆ. ಡೀಸೆಲ್ ಏರಿದರೆ ಓನರು ಟಿಕೆಟ್ ಏರಿಸುತ್ತಿದ್ದರು. ಅದರ ಬೈಗುಳವೆಲ್ಲ ನನ್ನ ಪಾಲಿಗೆ, ಸಂಬಳ ಮಾತ್ರ ಇದ್ದಲ್ಲೇ ಇರುತ್ತಿತ್ತು. ಇಂಥ ಮಂತ್ರಿ ತನ್ನ ಮನೆಯನ್ನು ಹತ್ತೇ ನಿಮಿಷದಲ್ಲಿ ಮುಳುಗಿಸಿದ್ದು ಹೇಗೆಂದು ಹೇಳುತ್ತೇನೆ.

ಎರಡು ಸಾವಿರದ ಐದನೇ ಇಸವಿ. ಮರಳೂರಿನಲ್ಲಿ ನಮ್ಮದು ಶೀಟಿನ ಮನೆ. ದೊಡ್ಡ ಮಗಳು ಮಂಜುಶ್ರೀಯನ್ನು ನೋಡಲು ಗುಬ್ಬಿಯಿಂದ ಅಡವಿಯಪ್ಪ ಎನ್ನುವವರು ತಮ್ಮ ಮಗನನ್ನು ಕರೆದುಕೊಂಡು ಬರುವವರಿದ್ದರು. ನಮ್ಮ ಬೀದಿಯಲ್ಲಿ ಒಂದು ಪದ್ಧತಿ. ಯಾರ ಮನೆಗೆ ಗಂಡಿನವರು ಬಂದರೂ ಬೀದಿಯ ಒಳ್ಳೆಯ ಸಾಮಾನೆಲ್ಲ ಆ ಮನೆಗೆ ಹೋಗಿ ಕೂರಬೇಕು. ನಮ್ಮ ಹಿತ್ತಾಳೆ ಕೊಳಗ ಆಗಲೇ ನಾಲ್ಕು ಮದುವೆ ಕುದುರಿಸಿ ಬಂದಿತ್ತು. ಹಾಗಾಗಿ ಆವತ್ತು ಪಕ್ಕದ ಮನೆ ಸುಬ್ಬಲಕ್ಷ್ಮಮ್ಮನ ಟಿವಿ ನಮ್ಮ ಮನೆಯಲ್ಲಿ ಬಂದು ಕೂತಿತು, ಅವಳ ಗಂಡನ ಸ್ಕೂಟರು ನಮ್ಮ ಬಾಗಿಲಲ್ಲಿ ನಿಂತಿತು. ಕೇಬಲ್ ಇಲ್ಲದ ಟಿವಿಯನ್ನು ಯಾರಾದರೂ ಹಾಕಿಬಿಟ್ಟಾರೆಂದು ಹೆಂಡತಿ ಮಹಾಲಕ್ಷ್ಮಮ್ಮ ಅದರ ಮೇಲೆ ಹೂವಿನ ಬಟ್ಟೆ ಹೊದಿಸಿದಳು.

ಅಡವಿಯಪ್ಪನವರು ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದಾಗ ಬಾಗಿಲಲ್ಲಿ ಹೈಸ್ಕೂಲಿನ ಲಕ್ಷ್ಮೀಕಾಂತ್ ಮೇಷ್ಟ್ರು ಕಾಣಿಸಿಕೊಂಡರು. ರೇಷನ್ ಕಾರ್ಡು ಯಾರಿಗೆ ಉಳಿಯಬೇಕು, ಯಾರಿಗೆ ಹೋಗಬೇಕು ಎನ್ನುವ ಸರ್ವೆಗೆ ಸರ್ಕಾರ ಅವರನ್ನು ಮನೆಮನೆ ಅಲೆಸುತ್ತಿತ್ತು.

"ಮನೇಲಿ ಟಿವಿ ಇದೆಯಾ?" ಎಂದರು ಮೇಷ್ಟ್ರು.

ನಾನು ಅಡವಿಯಪ್ಪನವರ ಮುಖ ನೋಡಿದೆ. ಅವರು ಉಪ್ಪಿಟ್ಟು ಬಿಟ್ಟು ನನ್ನ ಮುಖ ನೋಡುತ್ತಿದ್ದರು.

"ಕಣ್ಮುಂದೇನೇ ಅದಲ್ಲ ಸಾರ್," ಎಂದೆ.

"ಗಾಡಿ?"

"ಬಾಗ್ಲಲ್ಲಿ ನಿಂತದೆ."

"ತಿಂಗಳ ಆದಾಯ?"

ಬರುತ್ತಿದ್ದುದು ಎರಡು ಸಾವಿರ. "ಆರು ಬರ್ಕೊಳಿ," ಎಂದೆ. ಅಡುಗೆಮನೆಯಲ್ಲಿ ಪಾತ್ರೆಯೊಂದು ದಢಾರನೆ ಬಿತ್ತು. ಅದು ಹೆಂಡತಿ ಕೊಟ್ಟ ಎಚ್ಚರಿಕೆ. ಬಸ್ಸಿನಲ್ಲಿ ಯಾವ ಮೂಲೆಯಲ್ಲಿ ಯಾರು ನಾಣ್ಯ ಬೀಳಿಸಿದರೂ ಕೇಳಿಸುವ ನನ್ನ ಕಿವಿಗೆ ಆವತ್ತು ಆ ಸದ್ದು ಕೇಳಲಿಲ್ಲ. ಸಹಿ ಹಾಕಿದೆ, ಅದೂ ಇಂಗ್ಲಿಷಿನಲ್ಲಿ, ಕೆಳಗೆರಡು ಗೀಟು ಎಳೆದು.

ವಾರದ ಮೇಲೆ ಗುಬ್ಬಿಯಿಂದ ಮಾತು ಬಂತು. ಹುಡುಗಿ ಒಪ್ಪಿಗೆಯಂತೆ, ವರದಕ್ಷಿಣೆ ಒಂದು ಪೈಸೆ ಬೇಡವಂತೆ, ಬಾಗಿಲಲ್ಲಿದ್ದ ಆ ಹಳೇ ಸ್ಕೂಟರನ್ನು ಹುಡುಗನಿಗೆ ಬಿಟ್ಟುಕೊಟ್ಟರೆ ಸಾಕಂತೆ. ಸುಬ್ಬಲಕ್ಷ್ಮಮ್ಮ ಒಳ್ಳೆಯವಳೇ, ಆದರೆ ಅಷ್ಟು ಒಳ್ಳೆಯವಳಲ್ಲ. ಸಂಬಂಧ ಅಲ್ಲಿಗೆ ನಿಂತಿತು. ಸರ್ವೆ ಮಾತ್ರ ನಿಲ್ಲಲಿಲ್ಲ. ಬಡವರ ಕಾರ್ಡು ಹೋಗಿ ಉಳ್ಳವರ ಕಾರ್ಡು ಬಂತು. ಸೊಸೈಟಿಯಲ್ಲಿ ಸಿಗುತ್ತಿದ್ದ ಅಗ್ಗದ ಅಕ್ಕಿ ನಿಂತಿತು.

"ಸಾವ್ಕಾರ್ರೇ, ಊಟಕ್ಕೆ ಏಳಿ," ಎಂದು ಹೆಂಡತಿ ತಿಂಗಳುಗಟ್ಟಲೆ ಕರೆದಳು. ತಟ್ಟೆಯಲ್ಲಿ ಮುದ್ದೆ ಇರುತ್ತಿತ್ತು, ಅನ್ನ ಹಬ್ಬಕ್ಕೆ.

ಅದನ್ನೂ ನುಂಗಿಕೊಂಡಿದ್ದೆ. ಮರುವರ್ಷದ ಬಜೆಟ್ಟು ಬಂತು. ಎಂಟನೇ ಕ್ಲಾಸಿನ ಬಡ ಹೆಣ್ಣುಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತದಂತೆ. ನಮ್ಮ ಚಿಕ್ಕವಳು ತನುಶ್ರೀ ಆಗಷ್ಟೇ ಎಂಟನೇ ಕ್ಲಾಸಿಗೆ ಬಂದಿದ್ದಳು. ಹೈಸ್ಕೂಲಿಗೆ ಕುಣಿಗಲ್ ರಸ್ತೆಯಲ್ಲಿ ಎರಡೂವರೆ ಮೈಲಿ ನಡೆಯುತ್ತಿದ್ದಳು. ಸುದ್ದಿಯನ್ನು ಅವಳು ಕೇಳಿಸಿಕೊಂಡು ಬಂದದ್ದು ಸುಬ್ಬಲಕ್ಷ್ಮಮ್ಮನ ಅದೇ ಟಿವಿಯಲ್ಲಿ.

"ಅಪ್ಪ, ಕಾರ್ಡಿನ ಜೆರಾಕ್ಸ್ ಕೇಳಿದಾರೆ. ಸೈಕಲ್ ಬಂದ್ರೆ ನಿನ್ ಬಸ್ ಜೊತೆ ರೇಸ್ ಬಿಡ್ತೀನಿ," ಎಂದಳು.

ಆಗ ನೆಟ್ಟಗೆ ಮೇಷ್ಟ್ರ ಹತ್ತಿರ ಹೋಗಿ, ಸಾರ್, ಟಿವಿ ಎರವಲು, ಸ್ಕೂಟರ್ ಎರವಲು, ಜಂಬವೊಂದೇ ಸ್ವಂತದ್ದು ಎಂದಿದ್ದರೆ ಮುಗಿಯುತ್ತಿತ್ತು. ನಾಲಗೆ ಏಳಲಿಲ್ಲ. ಬದಲಿಗೆ ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟೆ: "ಸರ್ವೆ ಮಾಡಿದವರು ತಪ್ಪಾಗಿ ಬರೆದುಕೊಂಡಿರುತ್ತಾರೆ." ನನ್ನ ಸುಳ್ಳನ್ನು ಮೇಷ್ಟ್ರ ಹೆಗಲಿಗೆ ದಾಟಿಸಿ ಹಗುರಾಗಿ ಮನೆಗೆ ಬಂದೆ.

ಒಂದು ಭಾನುವಾರ ತಾಲ್ಲೂಕು ಆಫೀಸಿನ ಇನ್ಸ್‌ಪೆಕ್ಟರು ಮನೆ ನೋಡಲು ಬರುತ್ತಾರೆಂದು ಗೊತ್ತಾಯಿತು. ಮನೆಯಲ್ಲಿದ್ದ ಟೇಬಲ್ ಫ್ಯಾನನ್ನು ಎತ್ತಿಕೊಂಡು ನಾನು ಸುಬ್ಬಲಕ್ಷ್ಮಮ್ಮನ ಮನೆ ಕಡೆ ಹೊರಟೆ.

"ಆವತ್ತು ಇಲ್ಲದ್ದು ತಂದು ಇಟ್ರಿ, ಇವತ್ತು ಇರೋದನ್ನ ಸಾಗಿಸ್ತಿದೀರ. ನಮ್ಮನೆ ಹೆಂಗದೆಯೋ ಹಂಗೆ ಒಂದ್ ದಿನ ಇರೋಕೆ ಬುಡ್ರೀ," ಎಂದಳು ಹೆಂಡತಿ. ಆದರೂ ಫ್ಯಾನು ಪಕ್ಕದ ಮನೆ ಸೇರಿತು.

ಇನ್ಸ್‌ಪೆಕ್ಟರ ಜೊತೆ ಲಕ್ಷ್ಮೀಕಾಂತ್ ಮೇಷ್ಟ್ರೂ ಬಂದರು. ಅವರ ಮುಖ ಬಾಡಿತ್ತು. ತಪ್ಪು ಬರೆದಿದ್ದಕ್ಕೆ ಮೇಲಿನವರು ಅವರಿಂದ ವಿವರಣೆ ಕೇಳಿದ್ದರಂತೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿ ನಿಂತಿದ್ದ ತನುಶ್ರೀಯನ್ನು ಕೇಳಿದರು.

"ನೀನ್ ಹೇಳಮ್ಮ, ನಾನು ಸುಳ್ಳು ಬರ್ದಿದೀನಾ? ಇಲ್ಲಿ ಟಿವಿ ಇರ್ಲಿಲ್ವಾ?"

ಅವಳು ಮೇಷ್ಟ್ರನ್ನು ನೋಡಿದಳು, ನನ್ನನ್ನು ನೋಡಿದಳು. "ಇತ್ತು ಸಾರ್. ರಿಪೇರಿಗೆ ಕೊಟ್ಟಿದೀವಿ," ಎಂದಳು.

ನಾನು ಮುಂದೆ ಬಂದೆ. "ಇಲ್ಲ ಸಾರ್, ಅದು ನಮ್ದಲ್ಲ, ಪಕ್ಕದ ಮನೇದು, ಗಂಡಿನೋರು ಬಂದಿದ್ರು ಅಂತ ತಂದಿದ್ದೆ," ಎಂದು ಒಂದೇ ಉಸಿರಿಗೆ ಹೇಳಿದೆ. ಆ ಎರಡು ವರ್ಷದಲ್ಲಿ ನಾನಾಡಿದ ಒಂದೇ ಒಂದು ನಿಜ ಅದು.

ಇನ್ಸ್‌ಪೆಕ್ಟರು ಪೆನ್ನಿನ ಕ್ಯಾಪು ಹಾಕಿದರು. "ಮಕ್ಳು ಸುಳ್ಳು ಹೇಳಲ್ಲ ಕಣ್ರೀ. ಸೈಕಲ್ ಆಸೆಗೆ ದೊಡ್ಡೋರೇ ಹೇಳೋದು."

ಸಂಜೆ ಅವಳ ಪಕ್ಕ ಕೂತೆ. "ಯಾಕವ್ವ ಹಂಗಂದೆ?"

"ಇರ್ಲಿಲ್ಲ ಅಂದಿದ್ರೆ ಮೇಷ್ಟ್ರು ಸುಳ್ಳು ಬರ್ದಂಗಾಗೋದು. ಅಪ್ಪ ತಂದಿಟ್ಟಿದ್ದ ಅಂದಿದ್ರೆ ನೀನು ಸುಳ್ಳು ಹೇಳ್ದಂಗಾಗೋದು," ಎಂದಳು. "ನಡ್ಕೊಂಡೇ ಹೋಗ್ತೀನಿ ಬುಡಪ್ಪ, ಅಭ್ಯಾಸ ಆಗದೆ." ನನಗೆ ಅಳು ಬಂತು. ಅವಳ ಮುಂದೆ ಅಳಲಿಕ್ಕೂ ನಾಚಿಕೆಯಾಗಿ ಫ್ಯಾನು ವಾಪಸ್ ತರುವ ನೆಪದಲ್ಲಿ ಹೊರಗೆ ಹೋದೆ.

ಸೈಕಲ್ ಹಂಚಿದ ಮಾರನೆಯ ದಿನ, ಕುಣಿಗಲ್ಲಿನಿಂದ ವಾಪಸ್ ಬರುವಾಗ, ಸ್ಕೂಲಿಗೆ ಹೊರಟ ಹುಡುಗಿಯರು ಎದುರಿಗೆ ಸಿಕ್ಕರು. ಹತ್ತು ಹನ್ನೆರಡು ಹೊಸ ಸೈಕಲ್ಲುಗಳು, ಹ್ಯಾಂಡಲ್ಲಿಗೆ ಕಟ್ಟಿದ ಸೇವಂತಿಗೆ ಇನ್ನೂ ಬಾಡಿರಲಿಲ್ಲ. ಕೊನೆಯ ಸೈಕಲ್ಲಿನ ಕ್ಯಾರಿಯರ್ ಮೇಲೆ, ಇಬ್ಬರ ಪುಸ್ತಕದ ಚೀಲವನ್ನೂ ತಬ್ಬಿಕೊಂಡು ತನುಶ್ರೀ ಕೂತಿದ್ದಳು. ಬಸ್ಸು ಕಂಡು ಕೈ ಬೀಸಿದಳು.

ದಿನಾ ಮುಂದಿನ ಸೀಟಿನಲ್ಲಿ ಕೂರುವ ಹೆಬ್ಬೂರಿನ ಯಜಮಾನರೊಬ್ಬರು ಕೇಳಿದರು. "ಅದು ನಿಮ್ ಮಗಳಲ್ವಾ ಹನುಮಂತರಾಜು? ಅವಳಿಗೆ ಸೈಕಲ್ ಬರ್ಲಿಲ್ವಾ?"

ಸರ್ಕಾರದ ಸೈಕಲ್ಲು ನಮಗ್ಯಾಕೆ ಬುಡಿ ಯಜಮಾನ್ರೇ ಎನ್ನುವ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ಇಡೀ ಬಸ್ಸು ಬಜೆಟ್ ಮಂತ್ರಿಯ ಉತ್ತರಕ್ಕೆ ಕಾಯುತ್ತಿತ್ತು.

"ಬಂದಿತ್ತು ಸಾರ್," ಎಂದೆ. "ನಾನೇ ಕಳೆದೆ."